ಸಂಪಿನ ಮುಚ್ಚಳ

ಪಟ್ಟಂದೂರು ಅಗ್ರಹಾರದ ನಮ್ಮ ಕಟ್ಟಡದಲ್ಲಿ ಹನ್ನೊಂದು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಎಲ್ಲಕ್ಕೂ ನೀರು ಅಂಗಳದ ನೆಲದಡಿಯ ಒಂದೇ ಸಂಪಿನಿಂದ. ಇಲಿ ಪಾಷಾಣ ಇಟ್ಟ ಕೈಯಲ್ಲೇ ಅದರ ಮುಚ್ಚಳ ಮುಟ್ಟಿದೆ ಎಂಬ ಯೋಚನೆ ಅಮ್ಮನನ್ನು ಹಿಡಿದುಕೊಂಡದ್ದು ಜನವರಿಯಲ್ಲಿ. ಕೈ ತೊಳೆದದ್ದು ಅವಳಿಗೆ ನೆನಪಿತ್ತು. ಆ ನೆನಪು ಸಾಲುತ್ತಿರಲಿಲ್ಲ.

"ನೀರಿಗೆ ಏನೂ ಬಿದ್ದಿಲ್ಲ ತಾನೆ?"

"ಇಲ್ಲಮ್ಮ."

ಸ್ವಲ್ಪ ಹೊತ್ತು ಅವಳ ಮುಖ ಸಡಿಲವಾಗುತ್ತಿತ್ತು. ಆಮೇಲೆ ಮತ್ತೆ ಅದೇ ಪ್ರಶ್ನೆ. ಫೆಬ್ರವರಿಯಲ್ಲಿ, ಎಲ್ಲರೂ ನೀರಿಗೆ ಪರದಾಡುತ್ತಿದ್ದಾಗ, ತುಂಬಿದ ಸಂಪನ್ನು ಮೋಟರ್ ಹಾಕಿ ರಸ್ತೆಗೆ ಹರಿಸಿಬಿಟ್ಟಳು. ಟ್ಯಾಂಕರಿನವನು ನಕ್ಕ. "ಏನಕ್ಕ, ರೋಡಿಗೆ ಸ್ನಾನ ಮಾಡಿಸಿದ್ರಾ?"

ನಾನು ದಿನಚರಿಯಲ್ಲಿ ಎಲ್ಲಕ್ಕೂ ತಾರೀಕು, ಲೆಕ್ಕ ಇಡುವವಳು. ಸಾಕ್ಷಿ ಸಿಕ್ಕರೆ ಅಮ್ಮನಿಗೂ ಸಮಾಧಾನವಾದೀತು ಎಂದುಕೊಂಡು, ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಮುಚ್ಚಳದ ಫೋಟೊ ತೆಗೆದು ಅವಳ ಮೊಬೈಲಿಗೆ ಕಳಿಸತೊಡಗಿದೆ. ಒಂದು ವಾರ ಸರಿಹೋಯಿತು. ಆಮೇಲೆ ಮೀಟಿಂಗಿನ ಮಧ್ಯೆ ಫೋನು. "ಇದು ಇವತ್ತಿಂದೇನಾ? ಫೋಟೊ ಆದ್ಮೇಲೆ ಯಾರಾದ್ರೂ ಮುಚ್ಚಳ ಎತ್ತಿದ್ರೆ?" ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದು ಇನ್ನೊಂದು ಫೋಟೊ ತೆಗೆಯಬೇಕಾಯಿತು.

ಡಾಕ್ಟರು ಇದನ್ನು ಗೀಳು ಕಾಯಿಲೆ, ಒಸಿಡಿ ಎಂದರು. ಮಾತ್ರೆ ಬರೆದರು. ಉತ್ತರ ಸಿಕ್ಕಷ್ಟೂ ಪ್ರಶ್ನೆ ಬೇಗ ಮರಳಿ ಬರುತ್ತದೆ, ಉತ್ತರ ಕೊಡಬೇಡಿ, ಜೊತೆಗಿರಿ ಎಂದರು. ಅಮ್ಮನೂ ಒಪ್ಪಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ನಾನು ಅತ್ರೂ ಯೇಳ್ಬೇಡ ಕಣೆ," ಅಂದಳು.

ಮಾರ್ಚ್ ಮೊದಲ ಸೋಮವಾರ ಸಂಜೆ ಅಮ್ಮ ಸಂಪಿನ ಪಕ್ಕ ಕೂತು ಮತ್ತೆ ಅದನ್ನೇ ಕೇಳಿದಳು. "ಕಷ್ಟ ಆಗ್ತಿದೆ ಅಂತ ಗೊತ್ತಮ್ಮ. ಉತ್ತರ ಮಾತ್ರ ಹೇಳಲ್ಲ," ಎಂದು ನಾನೂ ಕೂತೆ. ಅವಳ ಬೆರಳುಗಳು ಸೆರಗಿನ ಅಂಚನ್ನು ಹೊಸೆಯುತ್ತಲೇ ಇದ್ದವು.

"ಒಂದೇ ಒಂದ್ಸಲ ಯೇಳು. ಇಂಗೆ ಸಾಯಿಸ್ಬೇಡ."

ನಾನು ಅವಳ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಕೆಲಸದಿಂದ ಬಂದಳು. ಅಮ್ಮ ಎದ್ದು ಅವಳಿಗೆ ಅಡ್ಡ ನಿಂತಳು. "ನೀರು ಚೆನ್ನಾಗೈತಾ ಮೇಡಂ? ಏನೂ ಬಿದ್ದಿಲ್ಲ ಅಲ್ವಾ?"

ಮನೆ ಓನರ್ ಕೇಳಿದರೆ ಬಾಡಿಗೆಯವರು ಇನ್ನೇನು ಹೇಳುತ್ತಾರೆ? "ಸೂಪರಾಗಿದೆ ಆಂಟಿ. ಏನೂ ಬಿದ್ದಿಲ್ಲ."

ಅಮ್ಮನ ಭುಜ ಸಡಿಲಾಯಿತು. ನನ್ನತ್ತ ನೋಡಲಿಲ್ಲ. ಹೀಗೆ ಉತ್ತರ ಕೊಡಬೇಡಿ ಎಂದು ಆ ಹುಡುಗಿಗೆ ಹೇಳಬೇಕಾದರೆ ಕಾಯಿಲೆಯ ವಿಷಯ ಹೇಳಲೇಬೇಕು. ಅದು ಬಾಡಿಗೆಯವರ ಕಿವಿಗೆ ಬಿದ್ದರೆ ತಾನು ತಲೆ ಎತ್ತಿ ಓಡಾಡುವುದು ಹೇಗೆ ಎಂದು ಅಮ್ಮ ಮೊದಲೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಒಂದು ಉತ್ತರ ಸಾಲದೆ ಅಮ್ಮ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ನಾನು ಹಿಂದೆಯೇ ಹೋದೆ. ಆ ಹುಡುಗಿಯ ಎದುರು ಮನೆಯವರು ಬಾಗಿಲು ತೆರೆದು, ದಿನವೂ ಕೇಳಿ ರೂಢಿಯಾದವರಂತೆ, ಅಮ್ಮನ ಪ್ರಶ್ನೆ ಮುಗಿಯುವ ಮುಂಚೆಯೇ, "ಇಲ್ಲ ಆಂಟಿ, ಏನೂ ಇಲ್ಲ," ಎಂದರು.