ಸೆಟ್ಸ್ವಾನಾದಲ್ಲಿ ನನ್ನ ಹೆಸರು

ಅಡುಗೆಮನೆಯ ಡಬ್ಬಿಗಳನ್ನು ಒರೆಸುತ್ತಿದ್ದಾಗ ಕೆಂಪು ಚಹಾದ ಪೊಟ್ಟಣವೊಂದು ಕೈಗೆ ಸಿಕ್ಕಿತು. ಮೂಸಿದರೆ ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ. ಕುಡಿಯಲು ನನಗೇನೂ ರುಚಿಸದ ಈ ಚಹಾ ಕೊಟ್ಟುಹೋದವರು ಬೋಟ್ಸ್ವಾನಾ ದೇಶದ ಒಬ್ಬ ಟೀಚರು. ಗಂಡನ ಆಪರೇಷನ್ನಿಗೆಂದು ಮುಂಬಯಿಗೆ ಬಂದು, ಮಲಾಡಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡು ತಿಂಗಳು ಬಾಡಿಗೆಗಿದ್ದರು.

ಅವರು ಶಾಲೆಯಲ್ಲಿ ಕಲಿಸುತ್ತಿದ್ದದ್ದು ತಮ್ಮ ತಾಯ್ನುಡಿ ಸೆಟ್ಸ್ವಾನಾವನ್ನೇ. ಆ ನುಡಿಯಲ್ಲಿ 'ಡುಮೆಲಾ' ಎಂದು ನಮಸ್ಕರಿಸಿ, ರಾತ್ರಿ ನಿದ್ದೆ ಹೇಗಾಯಿತೆಂದು ವಿಚಾರಿಸದೆ ಯಾರೂ ಮಾತಿಗೆ ಇಳಿಯುವುದಿಲ್ಲವಂತೆ. ಬಿಲ್ಡಿಂಗಿನ ಲಿಫ್ಟಿನಲ್ಲಿ ಹತ್ತು ವರ್ಷದಿಂದ ಜೊತೆಗೆ ಏರಿಳಿಯುವವರ ಮುಖ ನೋಡದ ನನಗೆ ನಾಚಿಕೆಯಾಯಿತು. ಊರಿನ ಮಕ್ಕಳು ಈಗ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ ಎಂದು ಅವರು ಕೊರಗಿದಾಗ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಹೇಳುವ ನನ್ನ ತಂಗಿಯ ಮಕ್ಕಳ ಸುದ್ದಿ ಹೇಳಿದೆ. ನನ್ನ ಇಂಗ್ಲಿಷು ತರಕಾರಿ ಕೊಳ್ಳುವುದಕ್ಕೆ ಸಾಕಾಗುವಷ್ಟೇ. ಆದರೂ ಇಬ್ಬರಿಗೂ ಅರ್ಥವಾಯಿತು.

ನಿಮ್ಮನ್ನು ಏನೆಂದು ಕರೆಯಲಿ ಎಂದು ಕೇಳಿದೆ. 'ಮ್ಮಾನೆಯೋ' ಎಂದರು. ನೆಯೋ ಅವರ ಹಿರಿಯ ಮಗ. ಮ್ಮಾ ಅಂದರೆ ತಾಯಿ. ಅವರಲ್ಲಿ ಮಗು ಹುಟ್ಟಿದ ಮೇಲೆ ಹೆಂಗಸನ್ನು ಮಗುವಿನ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ನಿಮ್ಮ ಮಗುವಿನ ಹೆಸರೇನು ಎಂದೂ ಕೇಳಿಯೇಬಿಟ್ಟರು.

ಮಕ್ಕಳಿಲ್ಲ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಅಂದು ಅದೇಕೋ, ಒಬ್ಬಳಿದ್ದಳು, ಒಂಬತ್ತು ವರ್ಷಕ್ಕೆ ಜ್ವರದಲ್ಲಿ ಹೋದಳು, ವೀಣಾ ಎಂದೆ.

"ಹೋದರೂ ನೀವು ಅವಳ ತಾಯಿಯೇ ಅಲ್ಲವೇ?" ಎಂದರು. ಮರುದಿನ ಬೆಳಿಗ್ಗೆಯಿಂದ ನಾನು 'ಮ್ಮಾವೀಣಾ' ಆದೆ.

ನಿಮಗೆ ಹೇಗೆ ಹೇಳಲಿ? ವೀಣಾ ಹೋದ ಹೊಸದರಲ್ಲಿ ನಾನು ಅವಳ ಹೆಸರೆತ್ತಿದರೆ ನನ್ನ ಗಂಡ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು. ಕೊನೆಗೆ ನಾನೂ ಬಿಟ್ಟೆ. ಹದಿನಾಲ್ಕು ವರ್ಷ ಅದು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಈಗ ಬೆಳಿಗ್ಗೆ ಎದ್ದರೆ ಅದೇ. ಎರಡೇ ದಿನಕ್ಕೆ ಇವರು ಗೊಣಗಿದರು: "ಆ ಹೆಸ್ರು ಮನೇಲಿ ಬೇಡ ಮಾರಾಯ್ತಿ. ಅವರಿಗೆ ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮಗಳ ಹೆಸರು ಕಿವಿಗೆ ಬೀಳಲೆಂದೇ ಬೇಕಿಲ್ಲದ ಕೆಲಸ ಹಚ್ಚಿಕೊಂಡು ದಿನಕ್ಕೆ ನಾಲ್ಕು ಸಲ ಆ ಕೋಣೆಯ ಮುಂದೆ ಸುಳಿಯುತ್ತಿದ್ದೆ.

ಹೊರಡುವ ದಿನ ಮ್ಮಾನೆಯೋ ನನ್ನ ಗಂಡನಿಗೆ ಕೈಮುಗಿದು 'ರ್ರಾವೀಣಾ' ಎಂದರು. ಅಂದರೆ ವೀಣಾಳ ತಂದೆ. ಇವರು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಬಹಳ ಹೊತ್ತು ನೀರಿನ ಸದ್ದೇ ಕೇಳುತ್ತಿತ್ತು. ನಾನು ಬಾಗಿಲ ಹೊರಗೆ ನಿಂತು ಅತ್ತೆ. ಆಮೇಲೆ ಅವರ ಬ್ಯಾಗುಗಳನ್ನು ಟ್ಯಾಕ್ಸಿಯವರೆಗೆ ಇವರೇ ಹೊತ್ತರು.

ಇಗೋ, ಹೊರಗಿನ ಕೋಣೆಯಿಂದ ಇವರು ಕರೆಯುತ್ತಿದ್ದಾರೆ. "ವೀಣನ ಅಮ್ಮ, ಚಾ ಆಯ್ತಾ?"

ಹೀಗೆ ಕರೆಯಲು ತೊಡಗಿ ವರ್ಷವಾಗುತ್ತ ಬಂತು. ಕೇಳಿಸಿದರೂ ನಾನು ಕೂಡಲೇ ಓಗೊಡುವುದಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ನಿಲ್ಲುತ್ತೇನೆ.