ಗದ್ದೆ ಧರ್ಮ ಬಿಳಿ ಪಂಚೆ ಉಟ್ಟ ದಿನ

ಮಗ್ಗೆಯ ಹಾಲಿನ ಡೈರಿಯಲ್ಲಿ ಹದಿನೈದು ವರ್ಷದಿಂದ ಹಾಲು ಅಳೆಯುತ್ತಿದ್ದರೂ ಧರ್ಮನನ್ನು ಡೈರಿ ಧರ್ಮ ಎಂದು ಯಾರೂ ಕರೆದದ್ದಿಲ್ಲ. ಅವನು ಗದ್ದೆ ಧರ್ಮ. ನಾಟಿಗೆ ಮುಂಚೆ ಉತ್ತು ನೀರು ಕಟ್ಟಿದ ಗದ್ದೆಗಳಲ್ಲಿ ಊರೂರಲ್ಲೂ ಕೆಸರುಗದ್ದೆ ಓಟ ನಡೆಯುತ್ತದಲ್ಲ, ಆಲೂರಿನಿಂದ ಹೆಗ್ಗದ್ದೆಯವರೆಗೆ ಅವನು ಓಡದ ಗದ್ದೆ ಇರಲಿಲ್ಲ. ಮಿಕ್ಕವರು ಓಡಿದರೆ ಹೊಂಡದಿಂದ ಎಮ್ಮೆ ಎದ್ದಂತೆ ಕಾಣುತ್ತಿತ್ತು. ಇವನು ನೀರಿನ ಮೇಲೆ ಜಾರಿಕೊಂಡು ಹೋದಂತೆ. ನಮ್ಮಂಥ ಹೊಟ್ಟೆಯವರು ಬಿಳಿ ಪಂಚೆ ಉಟ್ಟು ಬದುವಿನ ಮೇಲೆ ನಿಂತು, "ಇನ್ನೊಂಚೂರು ಬಗ್ಗಬೇಕಿತ್ತು" ಎಂದು ಸಲಹೆ ಕೊಡುತ್ತಿದ್ದೆವು.

ಅವನದೊಂದು ಕ್ರಮವಿತ್ತು. ಓಟದ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬರಿಗಾಲಲ್ಲಿ ಇಡೀ ಗದ್ದೆ ಮೆಟ್ಟಿ ನೋಡುವುದು. ನೀರಿನಡಿ ಎಲ್ಲಿ ಗಟ್ಟಿ, ಎಲ್ಲಿ ಹೂತುಕೊಳ್ಳುತ್ತದೆ ಎಂಬುದು ಅವನ ಅಂಗಾಲಿಗೆ ಗೊತ್ತಾಗುತ್ತಿತ್ತು.

ಗೆದ್ದದ್ದೆಲ್ಲ ಸ್ಟೀಲ್ ಬಕೆಟ್. ಹದಿನಾಲ್ಕು ಬಕೆಟ್ಟು, ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ 'ಪ್ರಥಮ'. ಹೆಂಡತಿ ಶಾಲಿನಿ ಅದರಲ್ಲೇ ಹಸುವಿಗೆ ಬೂಸಾ ಕಲಸುತ್ತಿದ್ದಳು. "ತಾಲ್ಲೂಕಿನಲ್ಲಿ ಇಷ್ಟು ಪ್ರೈಜು ನೆಕ್ಕಿದ ಹಸ ಇನ್ನೊಂದಿಲ್ಲ" ಎಂದು ಧರ್ಮ ನಗುತ್ತಿದ್ದ.

ಎರಡು ವರ್ಷದ ಹಿಂದೆ ಹೆಗ್ಗದ್ದೆಗೆ ಹೋದಾಗ ಬಸ್ಸು ತಡವಾಯಿತು. "ಮೆಟ್ಟಿ ನೋಡಲ್ವೇನೋ?" ಎಂದು ಯಾರೋ ಕೇಳಿದರೆ, "ಗದ್ದೆಗೇ ನನ್ನ ಗುರುತೈತೆ ಬಿಡು ಮಾರಾಯ" ಅಂದ. ಉಳುವಾಗ ಟ್ರ್ಯಾಕ್ಟರ್ ಚಕ್ರ ಹೂತು ಎದ್ದ ಗುಂಡಿಯೊಂದು ನೀರಿನಡಿ ಇತ್ತು. ಕಾಲು ಅಲ್ಲೇ ನಿಂತಿತು, ಧರ್ಮ ಮುಂದೆ ಹೋದ. ಮೊಣಕಾಲಿನೊಳಗೆ ಏನೋ ಹರಿದ ಸದ್ದು ಅವನೊಬ್ಬನಿಗೇ ಕೇಳಿಸಿತು.

ಮೂರು ತಿಂಗಳು ನಾಟಿ ವೈದ್ಯರ ಎಣ್ಣೆಪಟ್ಟಿ, ಆಮೇಲೆ ಹಾಸನದಲ್ಲಿ ಆಪರೇಷನ್. "ನಡೀಬಹುದು. ಓಡೋದು ಮರೆತುಬಿಡಿ" ಅಂದರು ಡಾಕ್ಟರು, ಮರೆಯುವುದಕ್ಕೂ ಒಂದು ಮಾತ್ರೆ ಬರೆದುಕೊಟ್ಟವರ ಹಾಗೆ.

ಮನೆಗೆ ಬಂದ ಧರ್ಮ ಒಂದು ದಿನ ಕುಡುಗೋಲಿನ ತುದಿಯಿಂದ ಬಕೆಟ್ಟುಗಳ ಮೇಲಿನ ಅಕ್ಷರ ಕೆರೆಯುತ್ತ ಕೂತ. ಶಾಲಿನಿ ಓಡಿಬಂದು ಕುಡುಗೋಲು ಕಿತ್ತುಕೊಂಡಳು.

"ಪಾತ್ರೆ ಏನ್ ಮಾಡ್ತು ನಿಂಗೆ?"

"ಯಾರ್ದೋ ಬಕೆಟ್ಟು ನಮ್ಮನೇಲಿ ಯಾಕೆ ಬೇಕು?"

ಅವಳು ಉಳಿದ ಬಕೆಟ್ಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಒಂಬತ್ತು ಅಳಿಸಿಹೋಗಿದ್ದವು.

ಈ ವರ್ಷ ಓಟ ಮಗ್ಗೆಯಲ್ಲೇ. ಸಮಿತಿಯ ಪುಟ್ಟಸ್ವಾಮಿ ಮನೆಗೇ ಬಂದು, "ಧರ್ಮಣ್ಣ, ನೀನು ಅಂಪೈರು. ಬದಿನ ಮೇಲೆ ನಿಂತ್ಕೊಂಡು ಸೀಟಿ ಊದಿದ್ರೆ ಸಾಕು" ಅಂದರು. ಬೇಡ ಅನ್ನುವುದಕ್ಕೂ ಒಂದು ಹುಮ್ಮಸ್ಸು ಬೇಕು. ಅವನು ಹೂಂ ಅಂದ. ಶಾಲಿನಿ ಬಿಳಿ ಪಂಚೆಗೆ ಇಸ್ತ್ರಿ ಹಾಕಿಕೊಟ್ಟಳು. ಓಟದ ದಿನ ಅವನು ಬಿಳಿ ಪಂಚೆ ಉಟ್ಟದ್ದು ಅದೇ ಮೊದಲು. ಅದನ್ನು ಸುತ್ತಿಕೊಳ್ಳುವಾಗ ಅವನ ಮುಖ, ಇನ್ಯಾರದೋ ಬಟ್ಟೆ ತೊಟ್ಟವನ ಹಾಗಿತ್ತು.

ಆದರೂ ಬೆಳಿಗ್ಗೆ ಆರಕ್ಕೇ ಗದ್ದೆಗೆ ಹೋದ. ಕೋಲೂರಿಕೊಂಡು, ಪಂಚೆ ಎತ್ತಿಕಟ್ಟಿ, ಒಂದು ಸುತ್ತು ಮೆಟ್ಟಿ ನೋಡಿದ. ಗದ್ದೆಯ ನಡುವೆ ಅಂಗಾಲು ಗಕ್ಕನೆ ನಿಂತಿತು. ಗುಂಡಿ. ಇದೂ ಟ್ರ್ಯಾಕ್ಟರಿನದೇ. ಕೈಲಿದ್ದ ಕೋಲನ್ನು ಗುರುತಿಗೆ ಅಲ್ಲೇ ನೆಟ್ಟು ಕುಂಟುತ್ತ ಬಂದ.

ಓಟದ ಹೊತ್ತಿಗೆ ನೋಡಿದರೆ ಕೋಲು ಬದುವಿನ ಮೇಲಿತ್ತು.

"ಯಾರ್ ಕಿತ್ತಿದ್ದು?"

"ನಾನೇ ಕಣಣ್ಣ. ಯಾರಿಗಾದ್ರೂ ಚುಚ್ಚಿಬುಟ್ರೆ?" ಅಂದರು ಪುಟ್ಟಸ್ವಾಮಿ.

"ಅಲ್ಲಿ ಗುಂಡಿ ಐತೆ ಕಣೋ!"

"ನೀರ್ನಲ್ಲಿ ಏನ್ ಕಾಣ್ತದೆ? ಊದು ಸೀಟಿ, ಹೊತ್ತಾಯ್ತು."

ಹನ್ನೆರಡು ಜನ ಸಾಲಾಗಿ ಬಗ್ಗಿ ನಿಂತಿದ್ದರು. ಧರ್ಮ ಸೀಟಿಯನ್ನು ಪುಟ್ಟಸ್ವಾಮಿಯ ಕೈಗೆ ತುರುಕಿ ಗದ್ದೆಗೆ ಇಳಿದ. ಜನ ಹೋ ಅಂದರು. ಮೈಕಿನವನು, "ನಮ್ಮ ಅಂಪೈರಿಗೂ ಆಸೆ ತಡೆಯಲಿಲ್ಲ" ಎಂದು ಕೂಗಿದ. ಧರ್ಮ ಯಾರನ್ನೂ ನೋಡದೆ ಹೋಗಿ ಗುಂಡಿಯೊಳಗೆ ತೊಡೆಮಟ್ಟ ಇಳಿದು, ಎರಡೂ ಕೈ ಅಗಲಿಸಿ ಬೆದರುಗೊಂಬೆಯ ಹಾಗೆ ನಿಂತ.

ಪುಟ್ಟಸ್ವಾಮಿ ಸೀಟಿ ಊದಿದರು. ಹನ್ನೆರಡು ಜನ ಅವನ ಕಡೆಗೇ ನುಗ್ಗಿ ಬಂದರು, ಹತ್ತಿರ ಬಂದು ಎಡಕ್ಕೂ ಬಲಕ್ಕೂ ಒಡೆದುಕೊಂಡು ಹಾದುಹೋದರು. ಕೆಸರು ಮುಖಕ್ಕೆ, ಬಾಯಿಗೆ, ಪಂಚೆಗೆ ಸಿಡಿಯಿತು. ಅವರ ಉಸಿರು ಕಿವಿಗೆ ಬಡಿದು ಹೋಯಿತು. ಅವನ ಮೈ ತನಗೇ ಗೊತ್ತಿಲ್ಲದೆ ಮುಂದಕ್ಕೆ ಬಗ್ಗಿತು. ಕಾಲು ಬರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆಗದೇ ಇದ್ದದ್ದರಿಂದ ಅಲ್ಲಿ ಗುಂಡಿ ಇತ್ತೆಂದು ಯಾರೂ ನಂಬಲೂ ಇಲ್ಲ. ಓಟ ಮುಗಿದು ಎಲ್ಲರೂ ಕಾಲುವೆಗೆ ಹೋದ ಮೇಲೆ ಶಾಲಿನಿಯೂ ಪುಟ್ಟಸ್ವಾಮಿಯೂ ಸೇರಿ ಅವನನ್ನು ಎಳೆದು ತೆಗೆದರು. ಎಳೆಯಲು ಹೋದ ಪುಟ್ಟಸ್ವಾಮಿಯ ಕಾಲೂ ಹೂತಿತು. ಬದು ಹತ್ತಿದ ಮೇಲೆ ಅವರೇ ಕೋಲನ್ನು ತಂದು ಧರ್ಮನ ಕೈಗೆ ಕೊಟ್ಟರು.

ಕಾಲುವೆಯ ಬಳಿ ಎಲ್ಲರದೂ ಒಂದೇ ಕೆಸರು ಮುಖ. ಪಕ್ಕದೂರಿನ ಮುದುಕಿ ದೇವೀರಮ್ಮ ತಂಬಿಗೆಯಲ್ಲಿ ಓಟಗಾರರಿಗೆ ನೀರು ಹೊಯ್ಯುತ್ತಿದ್ದಳು. ಧರ್ಮನ ಸರದಿ ಬಂದಾಗ ಕೇಳಿದಳು:

"ನಿಂದೆಷ್ಟ್ನೇ ಪ್ರೈಜಪ್ಪ?"

ಶಾಲಿನಿ ಮುಖ ತಿರುಗಿಸಿಕೊಂಡಳು. ಧರ್ಮ ಕಣ್ಣಿನ ಮೇಲಿನ ಕೆಸರು ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

"ನಾನು ಓಡ್ಲಿಲ್ಲ ಕಣವ್ವ" ಅಂದ. "ನಿಂತಿದ್ದೆ."

"ಆಗ್ಲಿ, ಕೈ ಹಿಡಿ" ಎಂದು ಮುದುಕಿ ಅವನಿಗೂ ಒಂದು ತಂಬಿಗೆ ನೀರು ಹೊಯ್ದಳು.