ಮೂರನೇ ಮಂಚದ ತಾತ

ಮೊನ್ನೆ ಇಸ್ತ್ರಿಯವನು ಕೊಟ್ಟುಹೋದ ಬಿಳಿ ಹೊದಿಕೆಗಳಲ್ಲಿ ಗಂಜಿಯ ವಾಸನೆ ಇತ್ತು. ಮಡಿಸಿಡುತ್ತಿದ್ದ ಕೈ ನಿಂತಿತು. ನಮ್ಮ ವಾರ್ಡಿನಲ್ಲಿ ಗಂಜಿ ಹಾಕಿದ ಹೊದಿಕೆ ಹಾಸುತ್ತಿದ್ದದ್ದು ವರ್ಷಕ್ಕೊಮ್ಮೆ, ಡಾಕ್ಟರ್ ಓದುವ ಮಕ್ಕಳ ಕೊನೆಯ ಪರೀಕ್ಷೆಗೆ.

ಹೊಸಕೋಟೆಯ ಹತ್ತಿರದ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಆಗ ನಾನು ಹೆಡ್ ಸಿಸ್ಟರ್. ಪರೀಕ್ಷೆಗೆ ನಿಜವಾದ ರೋಗಿಗಳೇ ಬೇಕು. ಸುತ್ತಲಿನ ಹಳ್ಳಿಗಳಿಂದ ಹಳೆಯ ಕಾಯಿಲೆಯವರನ್ನು ಕರೆಸಿ ಮಂಚಕ್ಕೊಬ್ಬರಂತೆ ಮಲಗಿಸುತ್ತಿದ್ದೆವು. ವಿದ್ಯಾರ್ಥಿಗಳು ಮುಟ್ಟಿ ನೋಡಿ, ಆಲಿಸಿ, ಕಾಯಿಲೆ ಯಾವುದೆಂದು ಹೇಳಬೇಕು.

ಅವರಲ್ಲಿ ಒಬ್ಬ ತಾತ ಐದು ವರ್ಷ ತಪ್ಪದೆ ಬಂದರು. ದೇವನಹಳ್ಳಿ ಕಡೆಯ ಜಮೀನು ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಸಮೇತನಹಳ್ಳಿಯ ಮಗಳ ಮನೆ ಸೇರಿದ್ದರು. ಹೃದಯದ ಕವಾಟ ಕಿರಿದಾಗಿತ್ತು, ಡಾಕ್ಟರರ ಮಾತಿನಲ್ಲಿ ಮೈಟ್ರಲ್ ಸ್ಟೆನೋಸಿಸ್. ಆಪರೇಷನ್ ಬೇಡವೆಂದು ಹಟ ಹಿಡಿದು ಮಾತ್ರೆಯಲ್ಲೇ ಇದ್ದರು. ಅವರ ಎದೆಯ ಸದ್ದು ಪುಸ್ತಕದಲ್ಲಿ ಬರೆದಷ್ಟು ಸ್ಪಷ್ಟ ಎಂದು ಪ್ರೊಫೆಸರರು ಹೇಳುವುದನ್ನು ಕೇಳಿ ತಾತನಿಗೆ ಹೆಮ್ಮೆ. ನಡುಗುವ ಹುಡುಗರಿಗೆ ತಾವೇ ಪಿಸುಗುಡುತ್ತಿದ್ದರು: "ಕೈ ಉಜ್ಕೊಂಡು ಮುಟ್ಟಲಾ, ಐಸ್ ಆಗೈತೆ. ಮೈಟ್ರಲ್ ಸ್ಟೆನೋಸಿಸ್ ಅಂತ ಹೇಳು, ಪಾಸಾಯ್ತೀಯ." ನಾನು ದುರುಗುಟ್ಟಿದರೆ ಛಾವಣಿ ನೋಡುತ್ತಿದ್ದರು...

ಐದನೆಯ ವರ್ಷ ಬೆಳಿಗ್ಗೆ ಏಳೂವರೆಗೆ ಬಂದಾಗ ಏದುಸಿರು ಬಿಡುತ್ತಿದ್ದರು. ಪಾದ ಊದಿತ್ತು. ಒತ್ತಿದೆ, ಕುಳಿ ಬಿತ್ತು; ಮೈಯಲ್ಲಿ ನೀರು ತುಂಬಿತ್ತು.

"ಬಸ್‌ಸ್ಟಾಪಿಂದ ನಡೆದ್ ಬಂದೆ, ಅಷ್ಟೇಯ ಸಿಸ್ಟರಮ್ಮ. ಮೊದ್ಲು ಮಕ್ಳ ಪರೀಕ್ಷೆ ಮುಗೀಲಿ."

ರೋಗಿಗಳ ಪಟ್ಟಿಗೆ ಹಿಂದಿನ ದಿನವೇ ಸಹಿ ಬಿದ್ದಿತ್ತು. ಒಬ್ಬರನ್ನು ತೆಗೆದರೆ ಇಡೀ ದಿನದ ಕ್ರಮ ಕೆಡುತ್ತದೆ. 'ಪರೀಕ್ಷೆ ಮುಗಿದ ಮೇಲೆ ಡಾಕ್ಟರಿಗೆ ತಿಳಿಸುವುದು' ಎಂದು ವಾರ್ಡಿನ ಪುಸ್ತಕದಲ್ಲಿ ಬರೆದು, ಅವರನ್ನು ಮೂರನೇ ಮಂಚದಲ್ಲಿ ಮಲಗಿಸಿದೆ.

ಆರು ಮಂದಿ ವಿದ್ಯಾರ್ಥಿಗಳು ಕವಾಟದ ಅದೇ ಉತ್ತರ ಹೇಳಿ ಹೋದರು. ಏಳನೆಯವಳು ಸ್ಟೆತೊಸ್ಕೋಪ್ ಕೆಳಗಿಟ್ಟು ಕೇಳಿದಳು: "ತಾತ, ಅಂಗಾತ ಮಲಗಿದ್ರೆ ಉಸಿರು ಕಟ್ಟತ್ತಾ?"

"ಅದಕ್ಕೆ ಮಾರ್ಕ್ಸ್ ಇಲ್ಲ ಕಣವ್ವ. ಕವಾಟದ್ದು ಹೇಳು."

ಅವಳು ಪರೀಕ್ಷಕರತ್ತ ತಿರುಗಿ, "ಸರ್, ಇವರನ್ನ ಈಗ್ಲೇ ಅಡ್ಮಿಟ್ ಮಾಡ್ಬೇಕು" ಎಂದಳು. ಆಗ ಮಧ್ಯಾಹ್ನ ಒಂದು ಗಂಟೆ. ಪರೀಕ್ಷೆ ನಿಂತಿತು. ತಾತನನ್ನು ಐಸಿಯುಗೆ ಒಯ್ದರು. ಮೂರನೆಯ ದಿನ ತೀರಿಕೊಂಡರು.

ಮಗಳು ಬಂದವಳು ಕೇಳಿದ್ದು ಒಂದೇ: "ಮಕ್ಳೆಲ್ಲ ಪಾಸಾದ್ರಾ ಸಿಸ್ಟರಮ್ಮ? ನಮ್ಮಪ್ಪ ಅದ್ನೇ ಕೇಳ್ತಿತ್ತು."

ಫಲಿತಾಂಶ ಇನ್ನೂ ಬಂದಿರಲಿಲ್ಲ. ಆದರೂ "ಎಲ್ರೂ ಪಾಸಾದ್ರಮ್ಮ" ಅಂದೆ.

ಮುಂದಿನ ವರ್ಷದಿಂದ, ಮಂಚಕ್ಕೆ ಹತ್ತಿಸುವ ಮೊದಲು ಪ್ರತಿ ರೋಗಿಯನ್ನೂ ಡಾಕ್ಟರ್ ನೋಡಬೇಕೆಂದು ನಿಯಮ ಮಾಡಿಸಿದೆ. ನಿವೃತ್ತಳಾಗುವವರೆಗೆ ಒಮ್ಮೆಯೂ ತಪ್ಪಲಿಲ್ಲ. ಆದರೆ ಡಾಕ್ಟರಿಗೆ ತಿಳಿಸದೆ ತಾತನನ್ನು ಮಲಗಿಸಿಟ್ಟ ಆ ಐದೂವರೆ ಗಂಟೆಯ ವಿಷಯ ಅವರ ಮಗಳಿಗೆ ನಾನು ಹೇಳಲೇ ಇಲ್ಲ. ಈಗ ಹೇಳೋಣವೆಂದರೆ, ಸಮೇತನಹಳ್ಳಿಯಲ್ಲಿ ಆ ಮನೆ ಯಾವುದೆಂದು ನನಗೆ ಗೊತ್ತಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.